ಗೋಡೆಯ ಮೇಲಿನ ಬೆಟ್ಟ

ಶೋಲಿಂಗನಲ್ಲೂರಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಒಂದು ಬೆಟ್ಟವಿದೆ. ಕೆಲವು ವರ್ಷಗಳ ಹಿಂದೆ ಆಫೀಸಿನ ಕೆಲಸದ ಮೇಲೆ ತೈಪೆಗೆ ಹೋಗಿದ್ದಾಗ ಅಲ್ಲಿಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದ ಅಂಗಡಿಯಲ್ಲಿ ಕೊಂಡ ಪ್ರಿಂಟ್ ಅದು. ಮಂಜು ಮುಸುಕಿದ ಬೆಟ್ಟ, ಅದರ ಮಗ್ಗುಲಲ್ಲಿ ಇಳಿಯುವ ತೊರೆ, ಬಂಡೆಗಳ ನಡುವೆ ಸೊಟ್ಟಸೊಟ್ಟ ಮರಗಳು. ಗುವೊ ಶಿ ಎಂಬ ಚೀನೀ ಚಿತ್ರಕಾರ 1072ರಲ್ಲಿ ರೇಷ್ಮೆಯ ಮೇಲೆ ಬರೆದ 'ವಸಂತದ ಆರಂಭ' ಎಂಬ ಚಿತ್ರ. ಗೋಡೆಗೆ ಹಾಕಿದ ದಿನ ಅಮ್ಮನಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದೆ. "ಇದು ನಮ್ಮ ಕುಂದಾದ್ರಿ ಅಲ್ವೇನೋ?" ಎಂದರು.

ನಮ್ಮೂರು ಕೊಪ್ಪದ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಅಡಿಕೆ ತೋಟ ನೋಡಿಕೊಳ್ಳುವವನು ಅಣ್ಣ. ಹೋದ ವರ್ಷ ಒಂದು ರಾತ್ರಿ ಫೋನ್ ಮಾಡಿ, "ಕೆಳಗಿನ ತೋಟ ಕೊಟ್ಟುಬಿಡೋಣ ಅಂತಿದೀನಿ" ಎಂದ. ಎಲೆಚುಕ್ಕಿ ರೋಗ ಬಂದು ಫಸಲು ಅರ್ಧಕ್ಕಿಳಿದಿದೆ. ಮಳೆಗಾಲಕ್ಕೆ ಮುಂಚೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರು ಸಿಗುತ್ತಿಲ್ಲ. ನಾನು ಒಪ್ಪಲಿಲ್ಲ. ಅಪ್ಪ ನೆಟ್ಟ ಮರಗಳು, ಇನ್ನೊಂದು ಹತ್ತು ವರ್ಷ ಇರಲಿ, ಆಮೇಲೆ ನಾನೇ ಅಲ್ಲಿಗೆ ಬಂದುಬಿಡುತ್ತೇನೆ ಎಂದೆಲ್ಲ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರಾಯ, ನಿಂಗೆ ತೋಟ ಅಂದ್ರೆ ಗೋಡೆ ಮೇಲಿನ ಚಿತ್ರ. ಚಿತ್ರಕ್ಕೆ ಔಷಧಿ ಹೊಡೀಬೇಕಾಗಿಲ್ಲ ನೋಡು" ಎಂದು ಫೋನ್ ಇಟ್ಟ.

ಮಾತು ಚುಚ್ಚಿತು. ಆದರೆ ಅದರಿಂದಲೇ ಈ ಗೋಡೆ ಮೇಲಿನ ಚಿತ್ರದ ಕತೆ ಏನು, ಅದನ್ನು ಯಾರು, ಯಾರಿಗಾಗಿ ಬರೆದರು ಎಂದು ಓದತೊಡಗಿದೆ. ಓದುತ್ತ ಹೋದಂತೆ ಗೊತ್ತಾಯಿತು: ಬೆಟ್ಟದಲ್ಲಿ ಕೂತವರಿಗಾಗಿ ಬರೆದ ಚಿತ್ರ ಇದಲ್ಲ. ನಮ್ಮಂಥವರಿಗಾಗಿಯೇ ಬರೆದದ್ದು.

ಚೀನೀ ಭಾಷೆಯಲ್ಲಿ ನಿಸರ್ಗಚಿತ್ರಕ್ಕೆ ಶಾನ್‌ಶುಯಿ ಎನ್ನುತ್ತಾರೆ. ಶಾನ್ ಎಂದರೆ ಬೆಟ್ಟ, ಶುಯಿ ಎಂದರೆ ನೀರು. ಗುವೊ ಶಿ ಸೊಂಗ್ ವಂಶದ ಶೆನ್‌ಜೊಂಗ್ ಚಕ್ರವರ್ತಿಯ ಆಸ್ಥಾನದಲ್ಲಿದ್ದವನು. ರಾಜಧಾನಿ ಕೈಫೆಂಗ್ ಹಳದಿ ನದಿಯ ಬಯಲಿನಲ್ಲಿದ್ದ ಊರು. ಸುತ್ತ ಬೆಟ್ಟವೇ ಇಲ್ಲ. ಅಂಥ ಊರಿನ ಅರಮನೆಯ, ಕಚೇರಿಗಳ ಗೋಡೆ ಮತ್ತು ತೆರೆಗಳ ಮೇಲೆ ಅವನು ಬೆಟ್ಟ ಬರೆದ. ಅವನ ಮಾತುಗಳನ್ನು ಮಗ ಗುವೊ ಸಿ ಆಮೇಲೆ ಪುಸ್ತಕವಾಗಿ ಸಂಗ್ರಹಿಸಿದ. ಅದರಲ್ಲಿ ಅವನು ಮೊದಲು ಎತ್ತಿಕೊಳ್ಳುವ ಪ್ರಶ್ನೆಯೇ ಇದು: ತಿಳಿದವರು ಬೆಟ್ಟ-ನೀರನ್ನು ಯಾಕೆ ಪ್ರೀತಿಸುತ್ತಾರೆ? ಅವನ ಉತ್ತರದ ಸಾರಾಂಶ ಹೀಗೆ. ಊರಿನ ಧೂಳು, ಗದ್ದಲ, ಕೆಲಸದ ಕಟ್ಟುಪಾಡು ಯಾರಿಗೂ ಬೇಕಿಲ್ಲ. ಎಲ್ಲರಿಗೂ ಕಾಡು, ತೊರೆ ಬೇಕು. ಆದರೆ ನಾಡು ನೆಮ್ಮದಿಯಾಗಿರುವಾಗ ದೊರೆಯ ಮತ್ತು ತಂದೆತಾಯಿಯ ಋಣವನ್ನು ಬಿಟ್ಟು ಎದ್ದು ಹೋಗುವುದು ಸರಿಯಲ್ಲ. ಹಾಗಾಗಿ ಒಳ್ಳೆಯ ಚಿತ್ರಕಾರ ಬೆಟ್ಟವನ್ನೇ ಮನೆಗೆ ತರುತ್ತಾನೆ. ಕೂತ ಚಾಪೆ ಬಿಟ್ಟೇಳದೆ ತೊರೆಯ ಸದ್ದು ಕೇಳಬಹುದು.

ಇನ್ನೊಂದು ಮಾತನ್ನೂ ಹೇಳುತ್ತಾನೆ. ನೋಡುವುದಕ್ಕೆ, ಹಾದುಹೋಗುವುದಕ್ಕೆ ಚೆನ್ನಾಗಿರುವ ಚಿತ್ರಗಳಿವೆ. ಆದರೆ ಅಡ್ಡಾಡಬೇಕು, ಅಲ್ಲೇ ಇದ್ದುಬಿಡಬೇಕು ಅನ್ನಿಸುವ ಚಿತ್ರವೇ ಮೇಲು. ಬೆಟ್ಟವನ್ನು ಅವನು ಅಳೆಯುವುದು ಅಲ್ಲಿ ವಾಸ ಮಾಡಲಾದೀತೇ ಎಂಬ ಲೆಕ್ಕದಲ್ಲಿ.

ಈ ಆಸೆ ಗುವೊ ಶಿಗಿಂತ ಆರುನೂರು ವರ್ಷ ಹಳೆಯದು. ಜೊಂಗ್ ಬಿಂಗ್ (375–443) ಜೀವಮಾನವಿಡೀ ಬೆಟ್ಟ ಸುತ್ತಿದವನು. ಮುಪ್ಪು ಬಂದು ಕಾಲು ಸೋತಾಗ ಕಂಡ ಬೆಟ್ಟಗಳನ್ನೆಲ್ಲ ಮನೆಯ ಗೋಡೆಯ ಮೇಲೆ ಬರೆದುಕೊಂಡ. ಮಲಗಿದಲ್ಲೇ ತಿರುಗಾಡುವುದು ಎಂದು ಅದಕ್ಕೆ ಹೆಸರಿಟ್ಟ. ಚಿನ್ ಎಂಬ ತಂತಿವಾದ್ಯವನ್ನು ಆ ಗೋಡೆಗಳ ನಡುವೆ ಕೂತು ನುಡಿಸುತ್ತಿದ್ದನಂತೆ, ಬೆಟ್ಟಗಳು ಮಾರ್ದನಿಗೊಡಲಿ ಎಂದು. ಅವನ ಕಾಲದವನೇ ಆದ ಕವಿ ತಾವ್ ಯುವಾನ್‌ಮಿಂಗ್ 405ರಲ್ಲಿ ಸಣ್ಣದೊಂದು ಸರ್ಕಾರಿ ಹುದ್ದೆಯನ್ನು ಎಂಬತ್ತು ದಿನ ಮಾಡಿ, ಬಿಟ್ಟು, ಹೊಲಕ್ಕೆ ಮರಳಿದ. ರಾಜೀನಾಮೆ ಪತ್ರವನ್ನು ಮನಸ್ಸಿನಲ್ಲೇ ನೂರು ಸಲ ಬರೆದಿಟ್ಟುಕೊಂಡ ಓಎಂಆರ್ ರಸ್ತೆಯ ನಮಗೆಲ್ಲ ಅವನು ಪರಿಚಯದವನಂತೆಯೇ ಕಾಣುತ್ತಾನೆ.

ಬಹುಪಾಲು ಪಂಡಿತರು ಬಿಟ್ಟು ಹೋಗಲಿಲ್ಲ. ಪರೀಕ್ಷೆ ಪಾಸು ಮಾಡಿ ಅಧಿಕಾರಿಗಳಾದರು. ತವರು ಪ್ರಾಂತ್ಯದಲ್ಲಿ ಹುದ್ದೆ ಕೊಡಬಾರದೆಂಬ ನಿಯಮ ಮಿಂಗ್, ಚಿಂಗ್ ಕಾಲಕ್ಕೆ ಕಟ್ಟುನಿಟ್ಟಾಗಿತ್ತು. ಅಂದರೆ ಆ ವಿದ್ಯಾವಂತ ವರ್ಗ ವೃತ್ತಿಯಿಂದಲೇ ವಲಸಿಗರದು. ಕೆಲಸ ಮುಗಿಸಿ ಬಂದು ಸಂಜೆ ಮಸಿ ಅರೆದು, ಬಿಟ್ಟುಬಂದ ಬೆಟ್ಟವನ್ನೋ ಎಂದೂ ನೋಡದ ಬೆಟ್ಟವನ್ನೋ ಬರೆಯುತ್ತಿದ್ದರು. ಅದನ್ನು ಮಾರುವುದು ಕೀಳು, ಗೆಳೆಯನಿಗೆ ಕೊಡುವುದು ಮೇಲು ಎಂಬುದು ಅವರ ಆದರ್ಶ. ಹುವಾಂಗ್ ಗೊಂಗ್‌ವಾಂಗ್ ಗುಮಾಸ್ತನಾಗಿದ್ದು, ತೆರಿಗೆಯ ಪ್ರಕರಣವೊಂದರಲ್ಲಿ ಸಿಕ್ಕಿ ಜೈಲು ಕಂಡು, ಮುಪ್ಪಿನಲ್ಲಿ ಫುಚುನ್ ಬೆಟ್ಟಗಳ ಉದ್ದನೆಯ ಸುರುಳಿ ಚಿತ್ರವನ್ನು ವರ್ಷಗಟ್ಟಲೆ ಬರೆದು 1350ರಲ್ಲಿ ಒಬ್ಬ ದಾವೋ ಪಂಥದ ಸ್ನೇಹಿತನಿಗೆ ಕೊಟ್ಟ. ಮುನ್ನೂರು ವರ್ಷಗಳ ನಂತರ ಅದರ ಒಡೆಯನೊಬ್ಬ ಸಾಯುವಾಗ ಚಿತ್ರವೂ ತನ್ನೊಂದಿಗೆ ಬರಲಿ ಎಂದು ಬೆಂಕಿಗೆ ಹಾಕಿಸಿದ. ಅಣ್ಣನ ಮಗ ಎಳೆದು ಉಳಿಸಿದ. ಸುಟ್ಟು ಎರಡಾದ ಆ ಚಿತ್ರದ ಒಂದು ತುಂಡು ಇಂದು ಚೀನಾದ ಹಾಂಗ್‌ಜೌನಲ್ಲಿ, ಇನ್ನೊಂದು ತೈಪೆಯಲ್ಲಿ ಇದೆ. 2011ರಲ್ಲಿ ಎರಡನ್ನೂ ಒಟ್ಟಿಗೆ ತೈಪೆಯಲ್ಲಿ ಪ್ರದರ್ಶಿಸಿದ್ದರು.

ಓದುವಾಗ ಖುಷಿಯಾಯಿತು. ಆದರೆ ಅಣ್ಣನ ಮಾತು ಬಿಡಲಿಲ್ಲ. 'ವಸಂತದ ಆರಂಭ'ದ ಕೆಳತುದಿಯಲ್ಲಿ ನೀರಿನ ದಡದ ಮೇಲೆ ಇರುವೆ ಗಾತ್ರದ ಜನರಿದ್ದಾರೆ. ದೋಣಿಯವರು, ಹೊರೆ ಹೊತ್ತವರು. ಚೀನೀ ಚಿತ್ರಗಳಲ್ಲಿ ಬೆಸ್ತ ಮತ್ತು ಸೌದೆ ಕಡಿಯುವವ ಮತ್ತೆ ಮತ್ತೆ ಬರುತ್ತಾರೆ, ಪಂಡಿತರ ಕಣ್ಣಿಗೆ ಅವರು ಚಿಂತೆಯಿಲ್ಲದ ಜ್ಞಾನಿಗಳು. ನಿಜವಾದ ಬೆಸ್ತನನ್ನು ಕೇಳಿದ್ದರೆ ಏನನ್ನುತ್ತಿದ್ದನೋ. ಯುವಾನ್ ಕಾಲದ ನೀ ಜಾನ್ ಅಂತೂ ಬೆಟ್ಟ, ನೀರು, ನಾಲ್ಕು ಮರ, ಒಂದು ಬರಿಗುಡಿಸಲು ಬರೆದು ಮನುಷ್ಯರನ್ನು ಪೂರ್ತಿ ಬಿಟ್ಟೇಬಿಟ್ಟ. ಆಸ್ತಿಯನ್ನೆಲ್ಲ ಹಂಚಿ ದೋಣಿಯಲ್ಲಿ ಬದುಕಿದ ಎಂದು ಅವನನ್ನು ಕೊಂಡಾಡುತ್ತಾರೆ. ಹಂಚಲು ಅಷ್ಟು ಆಸ್ತಿ ಇದ್ದದ್ದೂ ನಿಜವೇ. ಮಾರದೆ ಚಿತ್ರ ಬರೆಯಲು ಬೇರೆಲ್ಲಿಂದಲೋ ಅನ್ನ ಬರುತ್ತಿರಬೇಕು. ಸಂಬಳದಿಂದ, ಗೇಣಿಯಿಂದ, ಇಲ್ಲವೇ ಊರಲ್ಲಿರುವ ಅಣ್ಣನಿಂದ.

ಕನ್ನಡದಲ್ಲಿ ಇಂಥವರು ಯಾರಿದ್ದಾರೆ ಎಂದು ಯೋಚಿಸಿದಾಗ ಮೊದಲು ನೆನಪಾದವರು ನಮ್ಮ ಕೊಪ್ಪದ ಕಡೆಯವರೇ ಆದ ಕುವೆಂಪು. ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ತೀರ್ಥಹಳ್ಳಿಯ ಕುಪ್ಪಳಿಯಲ್ಲಿ, ಬದುಕಿದ್ದು ಮೈಸೂರಿನಲ್ಲಿ. 1933ರಲ್ಲಿ ಬಂದ 'ಮಲೆನಾಡಿನ ಚಿತ್ರಗಳು' ಹೆಸರಿನಲ್ಲೇ ಚಿತ್ರ ಇದೆ. ಮೇಷ್ಟರಾಗಿ, 1956ರಿಂದ 1960ರವರೆಗೆ ಕುಲಪತಿಯಾಗಿ ಕಡತಗಳ ನಡುವೆ ಕೂತವರು. ಬೆಟ್ಟಕ್ಕೆ ಕಾಯಂ ಆಗಿ ಮರಳಿದ್ದು 1994ರಲ್ಲಿ, ಕವಿಶೈಲದ ಮಣ್ಣಿಗೆ. ಬಯಲಿನ ಊರಿನಲ್ಲಿ ಕೂತು ಬೆಟ್ಟ ಕಟ್ಟಿಕೊಟ್ಟ ವಿದ್ವಾಂಸ-ಅಧಿಕಾರಿ ಎಂದರೆ ಗುವೊ ಶಿ ಕೂಡ ತಲೆದೂಗಿಯಾನು.

ಇನ್ನೊಬ್ಬರು ಮೈಸೂರಿನ ಕೆ. ವೆಂಕಟಪ್ಪ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ನಂದಲಾಲ್ ಬೋಸರ ಜೊತೆ ಕಲಿತು 1916ರಲ್ಲಿ ಮರಳಿದವರು. 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನಿನ ತೈಕಾನ್ ಮತ್ತು ಶುನ್ಸೋ ಎಂಬ ಚಿತ್ರಕಾರರಿಂದ ಅವನೀಂದ್ರನಾಥರು ಬಣ್ಣವನ್ನು ನೀರಿನಲ್ಲಿ ತೊಳೆದು ಮಂಜಿನಂತೆ ಹರಡುವ ಕ್ರಮವನ್ನು ಪಡೆದಿದ್ದರು. ಪೂರ್ವ ಏಷ್ಯಾದ ಮಂಜು ಹೀಗೆ ಸುತ್ತುಬಳಸಿ ನಮ್ಮ ಕಡೆಗೂ ಬಂತು. ವೆಂಕಟಪ್ಪ ಆಮೇಲೆ ತಮ್ಮದೇ ದಾರಿ ಹಿಡಿದು, ಕಣ್ಣಿಗೆ ಕಂಡಂತೆ ಕರಾರುವಾಕ್ಕಾಗಿ ಬರೆದ ಊಟಿ, ಕೊಡೈಕೆನಾಲ್‌ಗಳ ಪುಟ್ಟ ಜಲವರ್ಣ ಚಿತ್ರಗಳನ್ನು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ನೋಡಬಹುದು. ಮದುವೆಯಾಗಲಿಲ್ಲ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಕುಂಚ ಮತ್ತು ಚಿನ್ ಎರಡನ್ನೂ ಹಿಡಿದ ಚೀನೀ ಪಂಡಿತರ ಪಕ್ಕ ಕೂರಿಸಲು ನಮ್ಮಲ್ಲಿ ಇವರಿಗಿಂತ ಹತ್ತಿರದವರು ನನಗೆ ಕಂಡಿಲ್ಲ.

ಆದರೆ ಒಬ್ಬಂಟಿ ಸನ್ಯಾಸಿಯಂತೆ ಬದುಕುವುದು ಎಲ್ಲರಿಗೂ ಆಗದು. ಅನ್ನದ ಪ್ರಶ್ನೆಗೆ ಸಾಮಾನ್ಯರು ಕಂಡುಕೊಂಡ ಉತ್ತರ ಏನಾದರೂ ಇದೆಯೇ? ಅದು ನನ್ನ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿತ್ತು. ಶೋಲಿಂಗನಲ್ಲೂರಿನ ಜಂಕ್ಷನ್‌ನಿಂದ ಬಕಿಂಗ್‌ಹ್ಯಾಮ್ ಕಾಲುವೆ ದಾಟಿ ಈಸಿಆರ್ ಸೇರಿ ಉತ್ತರಕ್ಕೆ ತಿರುಗಿದರೆ ಇಂಜಂಬಾಕ್ಕಂ. ಅಲ್ಲಿ ಚೋಳಮಂಡಲ ಕಲಾವಿದರ ಗ್ರಾಮ. ಎಷ್ಟೋ ಸಲ ಅದರ ಮುಂದೆ ಹಾದು ಮಹಾಬಲಿಪುರಕ್ಕೆ ಹೋಗಿದ್ದೆ. ಒಳಗೆ ಹೋದದ್ದು ಅಣ್ಣನ ಫೋನ್ ಬಂದ ಮೇಲಿನ ಒಂದು ಭಾನುವಾರ.

ಈ ಗ್ರಾಮ 1966ರಲ್ಲಿ ಶುರುವಾಯಿತು. ಕಟ್ಟಿಸಿದವರು ಕೆ.ಸಿ.ಎಸ್. ಪಣಿಕ್ಕರ್, ಆಗ ಮದರಾಸಿನ ಸರ್ಕಾರಿ ಕಲಾ ಶಾಲೆಯ ಪ್ರಿನ್ಸಿಪಾಲರು. ಅವರ ಗುರು ದೇವಿಪ್ರಸಾದ್ ರಾಯ್ ಚೌಧುರಿ, ಮರೀನಾ ಬೀಚಿನಲ್ಲಿ ಬಂಡೆ ಸರಿಸುವ ನಾಲ್ವರು ದುಡಿಮೆಗಾರರ ಶಿಲ್ಪ ನಾವೆಲ್ಲ ನೋಡಿದ್ದೇವಲ್ಲ, ಅದನ್ನು ಮಾಡಿದವರು, ಅವರೂ ಅವನೀಂದ್ರನಾಥರ ಶಿಷ್ಯರೇ. ಪಣಿಕ್ಕರ್ ಮೊದಲು ಹೆಸರು ಮಾಡಿದ್ದು ಕೇರಳದ ನೀರು-ಹಸಿರಿನ ಜಲವರ್ಣ ಚಿತ್ರಗಳಿಂದ. ಇದರಿಂದ ಚೋಳಮಂಡಲ ಚೀನಾದಿಂದ ಬಂತು ಎಂದು ಎಳೆದು ಕಟ್ಟಲು ನಾನು ಹೊರಟಿಲ್ಲ. ಅಲ್ಲಿಯವರ ಚಿತ್ರಗಳು ಶಾನ್‌ಶುಯಿಯಂತೆ ಇಲ್ಲವೇ ಇಲ್ಲ. ಹೋಲುವುದು ಅವರು ಎದುರಿಸಿದ ಸಮಸ್ಯೆ.

ಸಮಸ್ಯೆ ಸರಳ. ಮದರಾಸಿನಲ್ಲಿ ಆಗ ಚಿತ್ರ ಕೊಳ್ಳುವವರಿರಲಿಲ್ಲ. ಕಲಾ ಶಾಲೆ ಮುಗಿಸಿದ ಹುಡುಗರು ಹೊಟ್ಟೆಪಾಡಿಗೆ ಇನ್ನಾವುದೋ ಕೆಲಸಕ್ಕೆ ಸೇರಿ ಚಿತ್ರ ಬರೆಯುವುದನ್ನೇ ಬಿಡುತ್ತಿದ್ದರು. ಪಣಿಕ್ಕರ್ ಮತ್ತು ಅವರ ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡು ಬಾಟಿಕ್ ಬಟ್ಟೆ, ಲೋಹದ ಕೆಲಸದಂಥ ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು. ಮೇಣ ಹಚ್ಚಿ, ಬಣ್ಣದಲ್ಲಿ ಅದ್ದಿ, ಮೇಣ ಕರಗಿಸಿ ತೆಗೆಯುವ ಬಾಟಿಕ್‌ಗೆ ಗಿರಾಕಿಗಳಿದ್ದರು. ಆ ಹಣದಿಂದಲೇ ಊರಾಚೆ ಸಮುದ್ರದ ಹತ್ತಿರ ಸುಮಾರು ಹತ್ತು ಎಕರೆ ಮರಳುನೆಲ ಕೊಂಡರು. ಇವತ್ತಿನ ಈಸಿಆರ್ ರಸ್ತೆ ಆಗ ಇರಲಿಲ್ಲ. ಮರಳು, ಗಾಳಿಮರದ ತೋಪು, ಬೆಸ್ತರ ಕುಪ್ಪಗಳು. ಅಲ್ಲಿ ಗುಡಿಸಲು ಕಟ್ಟಿಕೊಂಡರು. ಕೈಕೆಲಸ ಅನ್ನಕ್ಕೆ, ಚಿತ್ರ ತಮಗೆ. ಗಿರಾಕಿಯ ರುಚಿ ಬಾಟಿಕ್‌ನವರೆಗೆ ಬರಬಹುದು, ಕ್ಯಾನ್ವಾಸಿನವರೆಗೆ ಬರಬಾರದು.

ಚೀನೀ ಪಂಡಿತರು ಸಂಬಳ, ಗೇಣಿಗಳಿಂದ ಕೊಂಡುಕೊಂಡ ಸ್ವಾತಂತ್ರ್ಯವನ್ನು ಇವರು ತಮ್ಮ ಕೈಯ ದುಡಿಮೆಯಿಂದ ಕೊಂಡರು. ನನಗೆ ಚೋಳಮಂಡಲ ದೊಡ್ಡದಾಗಿ ಕಾಣುವುದು ಇದಕ್ಕೆ. ಮೇಣದ ಬಾಣಲೆಯ ಮುಂದೆ ತಾವೇ ಕೂತವರು ಚಿತ್ರದ ಕೆಳತುದಿಯ ಇರುವೆ ಗಾತ್ರದ ಮನುಷ್ಯರೂ ಹೌದು, ಚಿತ್ರ ಬರೆದವರೂ ಹೌದು.

ಅವರಲ್ಲಿ ಒಬ್ಬ ಕನ್ನಡಿಗರಿದ್ದರು. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್ 1960ರಲ್ಲಿ ಮದರಾಸಿನ ಕಲಾ ಶಾಲೆ ಸೇರಿದರು. ಚೋಳಮಂಡಲದ ಸ್ಥಾಪಕ ಸದಸ್ಯರಾಗಿ, ಕಲಾವಿದೆಯೇ ಆಗಿದ್ದ ಪತ್ನಿ ಅರ್ನವಾಜ್ ಜೊತೆ ಅಲ್ಲೇ ನೆಲೆಸಿದರು. ಬಾಟಿಕ್ ಮಾಡಿದರು, ತಾಮ್ರದ ತಗಡಿನಲ್ಲಿ ಉಬ್ಬುಚಿತ್ರ ಮಾಡಿದರು, ಬಣ್ಣದಲ್ಲಿ 'ವೃಕ್ಷ' ಸರಣಿಯನ್ನು ಬರೆದರು. ಗಿರೀಶ ಕಾರ್ನಾಡರು ಆಗ ಮದರಾಸಿನ ಆಕ್ಸ್‌ಫರ್ಡ್ ಪ್ರಕಾಶನದಲ್ಲಿ ಕೆಲಸದಲ್ಲಿದ್ದರು. ಮದ್ರಾಸ್ ಪ್ಲೇಯರ್ಸ್ ಎಂಬ ನಾಟಕ ತಂಡದ ಗೆಳೆಯರ ಬಳಗದಿಂದ 1970ರ 'ಸಂಸ್ಕಾರ' ಹುಟ್ಟಿದಾಗ ಅದರ ಕಲಾ ನಿರ್ದೇಶನ ವಾಸುದೇವ್ ಅವರದು. ಚಿತ್ರೀಕರಣ ನಡೆದದ್ದು ಶೃಂಗೇರಿಯ ಹತ್ತಿರ, ಅಂದರೆ ನಮ್ಮೂರಿನ ನೆರೆಯಲ್ಲಿ. ಮದರಾಸಿನಲ್ಲಿ ಕೂತವರು ಮಲೆನಾಡಿಗೆ ಹೋಗಿ ಮಾಡಿದ ಚಿತ್ರ ಅದು. ಅದರಲ್ಲಿ ಮಲೆನಾಡು ಮಂಜು ಮುಸುಕಿದ ಸುಂದರ ಬೆಟ್ಟವಾಗಿ ಬರುವುದಿಲ್ಲ. ಹೆಣ ಕಾಯುತ್ತ ಕೂತ ಅಗ್ರಹಾರವಾಗಿ ಬರುತ್ತದೆ. ದೂರದಿಂದ ನೋಡಿದರೆ ಊರು ಚೆಂದವೇ ಕಾಣಬೇಕೆಂದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಚೋಳಮಂಡಲವನ್ನು ಸ್ವರ್ಗ ಎನ್ನುವಂತಿಲ್ಲ. ಅಲ್ಲಿ ಅತ್ಯಂತ ವಿಶಿಷ್ಟ ಕಲ್ಪನೆಯ ಚಿತ್ರಕಾರನಾಗಿದ್ದ ಕೆ. ರಾಮಾನುಜಂ 1973ರಲ್ಲಿ ಇನ್ನೂ ಮೂವತ್ತರ ಆಸುಪಾಸಿನಲ್ಲಿ ತನ್ನ ಬದುಕನ್ನು ತಾನೇ ಮುಗಿಸಿಕೊಂಡ. ಸಮುದ್ರ, ಮರಳು, ಗೆಳೆಯರು ಎಲ್ಲ ಇದ್ದೂ ಒಬ್ಬನ ಒಳಗಿನ ನೋವಿಗೆ ಸಾಲಲಿಲ್ಲ. ಪಣಿಕ್ಕರ್ 1977ರಲ್ಲಿ ತೀರಿಕೊಂಡರು. ವಾಸುದೇವ್ 1988ರಲ್ಲಿ ಬೆಂಗಳೂರಿಗೆ ಬಂದರು. ಊರಾಚೆಯ ಮರಳುನೆಲದ ಸುತ್ತ ಇವತ್ತು ಅಪಾರ್ಟ್‌ಮೆಂಟು, ಹೋಟೆಲು, ವಾರಾಂತ್ಯದ ಕಾರುಗಳು. ಗೇಟಿನೊಳಗೆ ಮಾತ್ರ ಮರಗಳ ನೆರಳು, ನೆರಳಿನಲ್ಲಿ ಕಲ್ಲು ಮತ್ತು ಲೋಹದ ಶಿಲ್ಪಗಳು. 2009ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಆ ತಲೆಮಾರಿನವರ ಕೆಲಸ ನೋಡಬಹುದು. ಕಲಾವಿದರ ಕೆಲವು ಕುಟುಂಬಗಳು ಈಗಲೂ ಅಲ್ಲಿಯೇ ಇವೆ.

ಅಲ್ಲಿಂದ ಹೊರಟು ಇಂಜಂಬಾಕ್ಕಂ ಕಡಲ ದಡಕ್ಕೆ ಹೋದೆ. ಇಬ್ಬರು ಬೆಸ್ತರು ಮರಳಿನ ಮೇಲೆ ಕೂತು ನೈಲಾನ್ ಬಲೆಯಿಂದ ಸಿಕ್ಕಿಬಿದ್ದ ಕಸ ಬಿಡಿಸುತ್ತಿದ್ದರು. ನಾನು ಫೋಟೊ ತೆಗೆಯಲು ಮೊಬೈಲ್ ಎತ್ತಿದೆ. ತೆರೆ, ದೋಣಿ, ಬಲೆ, ಬಾಗಿದ ಇಬ್ಬರು ಮನುಷ್ಯರು, ಚೌಕಟ್ಟು ಚೆನ್ನಾಗಿತ್ತು. ಅಣ್ಣನ ಮಾತು ನೆನಪಾಗಿ ಮೊಬೈಲ್ ಜೇಬಿಗಿಟ್ಟೆ.

ವಾಪಸು ಬರುವಾಗ ಗುವೊ ಶಿಯ ಮಾತನ್ನು ಮತ್ತೆ ಯೋಚಿಸಿದೆ. ಊರಿನ ಬೆಟ್ಟಕ್ಕೆ ಹೋಗಲಾಗದವನಿಗೆ ಅವನು ಕೊಡುವ ಕಾರಣ ದೊರೆಯ ಮತ್ತು ತಂದೆತಾಯಿಯ ಋಣ. ಆ ಋಣವೇ ಅವರನ್ನು ಪಟ್ಟಣದಲ್ಲಿ ಕಟ್ಟಿಹಾಕಿತ್ತು, ಬೆಟ್ಟ ಬರೀ ಬಿಡುವಿನ ಆಸೆಯಾಗಿತ್ತು. ನಮ್ಮದು ತಿರುಗುಮುರುಗು. ನಮ್ಮ ತಂದೆತಾಯಿ ಇರುವುದು ಬೆಟ್ಟದಲ್ಲಿ. ಪಟ್ಟಣದಲ್ಲಿ ನಮ್ಮನ್ನು ಕಟ್ಟಿಹಾಕಿರುವುದು ಸಂಬಳ, ಸಾಲದ ಕಂತು, ಮಕ್ಕಳ ಶಾಲೆ. ಹೀಗಿರುವಾಗ ಗೋಡೆಯ ಬೆಟ್ಟ ನೋಡಿ ನಿಟ್ಟುಸಿರು ಬಿಡುವುದಕ್ಕೆ ಗುವೊ ಶಿ ಕೊಟ್ಟ ರಿಯಾಯಿತಿ ನನಗೆ ಅನ್ವಯಿಸುವುದಿಲ್ಲ. ನನ್ನ ಪಾಲಿಗೆ ಆ ಚಿತ್ರವೇ ಋಣದ ಚೀಟಿ.

ತೋಟ ಮಾರಬಾರದು ಎಂದಾಗ ನಾನು ಕೇಳುತ್ತಿದ್ದುದು ಏನು? ನಾನು ಎಂದಾದರೊಮ್ಮೆ ಬಂದು ನೋಡಲಿಕ್ಕೆ ಚಿತ್ರ ಹಾಗೇ ಇರಲಿ, ಅದರ ಕೆಳತುದಿಯಲ್ಲಿ ಹೊರೆ ಹೊತ್ತ ಪುಟ್ಟ ಮನುಷ್ಯನಾಗಿ ನೀನು ಇರು ಎಂದು. ವರ್ಷಕ್ಕೆ ಎರಡು ಸಲ, ದೀಪಾವಳಿಗೂ ಬೇಸಿಗೆಗೂ, ನಾಲ್ಕು ದಿನ ಹೋಗಿ ಬರುವವನು ನಾನು. ಔಷಧಿ ಹೊಡೆಯುವ ಹೊತ್ತಿಗೆ ಒಮ್ಮೆಯೂ ಹೋಗಿಲ್ಲ. ಆಗ ರಜೆ ಸಿಗುವುದಿಲ್ಲ ಎಂದುಕೊಂಡಿದ್ದೆ, ಕೇಳಿ ನೋಡಿರಲಿಲ್ಲ.

ಅಂದು ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ತೋಟದ ಮಾತು ನಿನ್ನದೇ ಅಣ್ಣ, ಕೊಡುವುದಾದರೆ ಕೊಡು, ಸಹಿ ಹಾಕಲು ಬರುತ್ತೇನೆ, ಇಟ್ಟುಕೊಳ್ಳುವುದಾದರೆ ಔಷಧಿಯ ಖರ್ಚಿನಲ್ಲಿ ಅರ್ಧ ನನ್ನದು, ಜೂನ್‌ನಲ್ಲಿ ಹತ್ತು ದಿನ ನಾನೂ ಬರುತ್ತೇನೆ, ಮರ ಹತ್ತಲು ಬರದಿದ್ದರೂ ಡ್ರಮ್ಮಿನಲ್ಲಿ ಸುಣ್ಣ-ಮೈಲುತುತ್ತ ಕಲಸಲು ಬರುತ್ತದೆ ಎಂದೆ.

ಅಣ್ಣ ನಕ್ಕ. "ಬಾ. ಈ ವರ್ಷ ಮಾರೋದು ಬೇಡ, ನೋಡೋಣ. ಬರುವಾಗ ಒಳ್ಳೆ ರೈನ್‌ಕೋಟ್ ತಗೊಂಡು ಬಾ, ಮಾರಾಯ. ಇಲ್ಲಿ ಮಳೆ ನಿಜವಾಗ್ಲೂ ಬೀಳತ್ತೆ."